ಓಟಕ್ಕೆ ಬರುವ ಮುಂಚೆ ನಿಮ್ಮ ಮೈ ಏನು ಮಾಡಿಕೊಂಡಿತ್ತು? ಹವ್ಯಾಸಿ ಓಟಗಾರರ ಹಿನ್ನೆಲೆ ಮತ್ತು ಗಾಯ

ಕೆರೆದಂಡೆ (ಮೈಸೂರು):

ಎಲ್ಲರಿಗೂ ನಮಸ್ಕಾರ. ಕುಕ್ಕರಹಳ್ಳಿ ಕೆರೆ ಸುತ್ತ ಬೆಳಗ್ಗೆ ಓಡುವ ಗುಂಪು ನಮ್ಮದು. ಹೊಸಬರು ಬಂದಾಗ ಮೊದಲ ಕೆಲವು ವಾರ ಅವರ ಜೊತೆ ಓಡುವ ಕೆಲಸ ನನ್ನದು. ಈ ಸಲ 21 ಕಿ.ಮೀ.ನ ಹಾಫ್ ಮ್ಯಾರಥಾನ್‌ಗೆ ಅಂತ ಸೇರಿದವರಲ್ಲಿ ಒಬ್ಬರು ಬ್ಯಾಂಕ್ ಮ್ಯಾನೇಜರ್, ಒಬ್ಬರು ಹೈಸ್ಕೂಲ್ ಪಿಟಿ ಮೇಷ್ಟ್ರು, ಒಬ್ಬರು ಸಾಫ್ಟ್‌ವೇರ್ ಇಂಜಿನಿಯರ್. ಇನ್ನೊಬ್ಬಳು ರೇಷ್ಮೆ ಬೆಳೆಯುವ ಮನೆಯ ಹುಡುಗಿ, ಈಗ ಎಂ.ಎಸ್ಸಿ. ಓದುತ್ತಿದ್ದಾಳೆ. ನಾಲ್ವರ ಮೊಬೈಲ್‌ನಲ್ಲೂ ಇರುವುದು ಒಂದೇ 16 ವಾರದ ಪ್ಲಾನ್. ನೋವು ಮಾತ್ರ ಬೇರೆ ಬೇರೆ ಕಡೆ. ಮ್ಯಾನೇಜರ್‌ಗೆ ಮಂಡಿ, ಮೇಷ್ಟ್ರಿಗೆ ಹಿಂದೊಮ್ಮೆ ಉಳುಕಿದ್ದ ಪಾದದ ಗಂಟು, ಇಂಜಿನಿಯರ್‌ಗೆ ಹಿಮ್ಮಡಿ. ಆ ಹುಡುಗಿಗೆ ಇದುವರೆಗೆ ಏನೂ ಇಲ್ಲ.

ಹೊಸಬರು ಬಂದರೆ ನಾವು "ವಾರಕ್ಕೆ ಎಷ್ಟು ಕಿಲೋಮೀಟರ್, ಪೇಸ್ (ಓಟದ ವೇಗ) ಎಷ್ಟು" ಎಂದು ಕೇಳುತ್ತೇವೆ. ಇಷ್ಟು ವರ್ಷ ಅವರ ಕಾಲು ಏನು ಮಾಡಿಕೊಂಡು ಬಂದಿದೆ ಎಂದು ಕೇಳುವುದೇ ಇಲ್ಲ. ಗಾಯ ಎಲ್ಲಿ ಆಗುತ್ತದೆ, ಯಾವಾಗ ಆಗುತ್ತದೆ ಎನ್ನುವುದು ಅರ್ಧಕ್ಕರ್ಧ ಅಲ್ಲೇ ನಿರ್ಧಾರ ಆಗಿರುತ್ತದೆ ಅನ್ನುವುದು ನನ್ನ ನಂಬಿಕೆ.

ಓಟಗಾರರ ಕಾಲಿನ ಗಾಯಗಳ ಬಗ್ಗೆ ಅಲ್ಲಿವರೆಗೆ ಬಂದಿದ್ದ ಅಧ್ಯಯನಗಳನ್ನೆಲ್ಲ 2007ರಲ್ಲಿ ಒಟ್ಟಿಗೆ ಇಟ್ಟು ನೋಡಿದ್ದರು. ಕಡಿಮೆ ಅಂದರೆ ಶೇ. 19.4, ಜಾಸ್ತಿ ಅಂದರೆ ಶೇ. 79.3 ಓಟಗಾರರಿಗೆ ಗಾಯ. ಇಷ್ಟು ದೊಡ್ಡ ಅಂತರ ಯಾಕೆ? ಗಾಯ ಅಂದರೆ ಏನು ಅನ್ನುವ ಲೆಕ್ಕ ಒಬ್ಬೊಬ್ಬರದು ಒಂದೊಂದು, ಅದು ನಿಜ. ಆದರೆ ಓಡಿದವರೂ ಬೇರೆ ಬೇರೆ ಥರದ ಜನ. 2015ರ ಇನ್ನೊಂದು ಪರಿಶೀಲನೆಯಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ. 1000 ಗಂಟೆ ಓಟಕ್ಕೆ ಹೊಸಬರಲ್ಲಿ 17.8 ಗಾಯ, ರೂಢಿಯಾದ ಹವ್ಯಾಸಿಗಳಲ್ಲಿ 7.7. ಅದೇ ಓಟ, ಎರಡು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ.

ಅದಕ್ಕೇ ಕೇಳುತ್ತಿದ್ದೇನೆ. ಓಟ ಶುರು ಮಾಡಿದಾಗ ನಿಮ್ಮ ವಯಸ್ಸೆಷ್ಟು, ಅದಕ್ಕೆ ಮುಂಚೆ ಏನು ಆಡುತ್ತಿದ್ದಿರಿ, ಕೂತು ಮಾಡುವ ಕೆಲಸವೋ ನಿಂತು ಮಾಡುವುದೋ, ಮೊದಲು ಎಲ್ಲಿ ನೋವು ಬಂತು? ದಯವಿಟ್ಟು ಬರೆಯಿರಿ. ಹೊಸಬರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಹುಬ್ಬಳ್ಳಿ ಫಿಸಿಯೋ:

ಒಳ್ಳೆ ಪ್ರಶ್ನೆ ಎತ್ತಿದ್ದೀರಿ ಸರ್. ನನ್ನ ಹತ್ತಿರ ಬರುವ ಓಟಗಾರರಲ್ಲಿ ಜಾಸ್ತಿ ಜನ ಹೇಳುವ ಮಾತು ಒಂದೇ: "ಉಸಿರು ಚೆನ್ನಾಗೇ ಇತ್ತು, ಇನ್ನೂ ಓಡಬಹುದಿತ್ತು, ಕಾಲು ಬಿಡಲಿಲ್ಲ." ಸಮಸ್ಯೆಯ ಬೇರು ಇಲ್ಲೇ ಇದೆ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗಿಕೊಳ್ಳುತ್ತವೆ. ಸ್ನಾಯುಗಳಿಗೆ ಇನ್ನೂ ಸ್ವಲ್ಪ ಸಮಯ ಬೇಕು. ಸ್ನಾಯುವನ್ನು ಮೂಳೆಗೆ ಹಿಡಿದಿಡುವ ಟೆಂಡನ್‌ಗಳಿಗೆ, ಮೂಳೆಗಳಿಗೆ ತಿಂಗಳುಗಳೇ ಬೇಕು. ಹೊಸ ಭಾರ ಬಿದ್ದಾಗ ಮೂಳೆ ಮೊದಲು ಸವೆದ ಭಾಗವನ್ನು ಕರಗಿಸುತ್ತದೆ, ಆಮೇಲೆ ಹೊಸದಾಗಿ ಕಟ್ಟುತ್ತದೆ. ನಡುವಿನ ಕೆಲವು ವಾರ ಅದು ಮುಂಚಿಗಿಂತ ಬಡವಾಗಿರುತ್ತದೆ. ಹೊಸಬರಿಗೆ ಹುರುಪು ಏರಿ ದೂರ ಜಾಸ್ತಿ ಮಾಡುವುದೂ ಸರಿಯಾಗಿ ಅದೇ ವಾರಗಳಲ್ಲಿ.

ಈಗ ಹಿನ್ನೆಲೆಗೆ ಬರೋಣ. ದಿನವಿಡೀ ಕುರ್ಚಿಯಲ್ಲಿ ಕೂರುವವರ ಸೊಂಟದ ಹಿಂಭಾಗದ ಸ್ನಾಯು ಮತ್ತು ಮೀನಖಂಡ ಕೆಲಸವನ್ನೇ ಮರೆತಿರುತ್ತವೆ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಮೈತೂಕದ ಎರಡೂವರೆ, ಮೂರು ಪಟ್ಟು ಭಾರ ನೆಲಕ್ಕೆ ಬೀಳುತ್ತದೆ. ಅದನ್ನು ಹೊರಬೇಕಾದ ಸ್ನಾಯು ಹೊರದಿದ್ದರೆ ಮಂಡಿ ಚಿಪ್ಪಿನ ಸುತ್ತ, ಹಿಮ್ಮಡಿಯ ಮೇಲಿನ ಟೆಂಡನ್‌ನಲ್ಲಿ ನೋವು ಬರುತ್ತದೆ. ನಿಮ್ಮ ಮ್ಯಾನೇಜರ್ ಮತ್ತು ಇಂಜಿನಿಯರ್ ಇಬ್ಬರದೂ ಹೆಚ್ಚುಕಡಿಮೆ ಇದೇ ಕಥೆ ಇರಬೇಕು.

ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಹೇಳುತ್ತೇನೆ. ಗೋಡೆಗೆ ಬೆರಳು ತಾಗಿಸಿಕೊಂಡು ಒಂದೇ ಕಾಲಲ್ಲಿ ನಿಂತು, ಹಿಮ್ಮಡಿ ಪೂರ್ತಿ ಎತ್ತಿ ಇಳಿಸಿ. ಮಂಡಿ ಬಗ್ಗಿಸಬಾರದು. ಹವ್ಯಾಸಿ ಓಟಗಾರರಿಗೆ ಪ್ರತಿ ಕಾಲಿಗೂ 20ರಿಂದ 25 ಸಲ ಆಗಬೇಕು. ಆರೋ ಏಳೋ ಸಲಕ್ಕೆ ಕಾಲು ನಡುಗಿದರೆ, ಅಥವಾ ಎಡಕ್ಕೂ ಬಲಕ್ಕೂ ತುಂಬಾ ವ್ಯತ್ಯಾಸ ಕಂಡರೆ, ನಿಮ್ಮ ಪ್ಲಾನ್ ಶುರು ಆಗಬೇಕಾದ್ದು ಅಲ್ಲಿಂದ. 5 ಕಿ.ಮೀ. ಓಟದಿಂದಲ್ಲ.

ಮಂಡ್ಯ ರೈಡರ್:

ನನ್ನದು ಕಬಡ್ಡಿ ಹಿನ್ನೆಲೆ. ಪಿಯುಸಿಯಿಂದ ಶುರುವಾಗಿ ಕೆಲಸಕ್ಕೆ ಸೇರುವವರೆಗೂ ಆಡಿದ್ದೇನೆ. ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಮದುವೆ, ಮಕ್ಕಳು, ಹೊಟ್ಟೆ. 37ಕ್ಕೆ ಮತ್ತೆ ಬೂಟು ಕಟ್ಟಿದೆ. ಮೈಗೆ ಹಳೇ ಆಟದ ನೆನಪು ಇದ್ದೇ ಇರುತ್ತದೆ. ಉಸಿರು ಬೇಗ ಬಂತು, ವೇಗವೂ ಬಂತು. ಶ್ರೀರಂಗಪಟ್ಟಣದ ಹತ್ತಿರ ಕಾಲುವೆ ಏರಿ ಮೇಲೆ ಕಾವೇರಿ ಟ್ರಯಲ್ ಮ್ಯಾರಥಾನ್ ನಡೆಯುತ್ತದಲ್ಲ, ಆ ದಾರಿಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಮಣ್ಣಿನ ದಾರಿ, ಅಲ್ಲಲ್ಲಿ ಕಲ್ಲು. ಆಟದ ದಿನಗಳಲ್ಲಿ ಮತ್ತೆ ಮತ್ತೆ ಉಳುಕಿದ್ದ ಬಲಗಾಲಿನ ಗಂಟು ಅಲ್ಲಿ ಮತ್ತೆ ತಿರುಗಿತು. ನಮ್ಮ ಕಾಲದಲ್ಲಿ ಉಳುಕಿದರೆ ಎಣ್ಣೆ ಹಚ್ಚಿ ನೀವಿಸಿ, ಬಟ್ಟೆ ಬಿಗಿದು ಮುಂದಿನ ಮ್ಯಾಚಿಗೆ ಇಳಿಸುತ್ತಿದ್ದರು. ವ್ಯಾಯಾಮ ಮಾಡಿ ಅದನ್ನು ಗಟ್ಟಿ ಮಾಡಬೇಕು ಅಂತ ಊರಲ್ಲಿ ಯಾರೂ ಹೇಳಿಕೊಡುವವರಿರಲಿಲ್ಲ.

ನನ್ನಂಥ ಹಳೇ ಆಟಗಾರರು ತುಂಬಾ ಜನ ಓಟಕ್ಕೆ ಬರುತ್ತಾರೆ. ಕಬಡ್ಡಿ, ವಾಲಿಬಾಲ್, ಹಾಕಿ. ಹೊಸಬರ ಸಾಲಿಗೆ ಸೇರಿಸಿದರೆ ನಮಗೆ ಸಾಲದು ಅನ್ನಿಸುತ್ತದೆ, ಹಳಬರ ಸಾಲಿಗೆ ಸೇರಿಸಿದರೆ ಕಾಲು ತಡೆಯುವುದಿಲ್ಲ. ನಮಗೆ ಏನು ಮಾಡಬೇಕು ಮೇಡಂ?

ಹುಬ್ಬಳ್ಳಿ ಫಿಸಿಯೋ:

ಮಂಡ್ಯ ಸರ್, ನೀವು ಹೇಳಿದ್ದಕ್ಕೆ ಸಂಶೋಧನೆಯ ಬೆಂಬಲ ಗಟ್ಟಿಯಾಗಿದೆ. ಓಟದ ಗಾಯಕ್ಕೆ ಕಾರಣಗಳನ್ನು ಹುಡುಕಿದ ಅಧ್ಯಯನಗಳು ಎಷ್ಟೋ ವಿಷಯದಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಹೊಂದುತ್ತವೆ. ಹಿಂದೆ ಗಾಯ ಆದವರಿಗೆ ಮತ್ತೆ ಗಾಯ ಆಗುವ ಸಂಭವ ಜಾಸ್ತಿ. ಹಾಗಾಗಿ ಹಳೇ ಆಟಗಾರರು ಮೊದಲು ಹಳೇ ಗಾಯಗಳ ಪಟ್ಟಿ ಮಾಡಬೇಕು. ಗಂಟು ಉಳುಕಿದವರು ಒಂಟಿ ಕಾಲಲ್ಲಿ ಕಣ್ಣು ಮುಚ್ಚಿ ನಿಲ್ಲುವುದು, ಒಂಟಿ ಕಾಲಲ್ಲಿ ಅಕ್ಕಪಕ್ಕಕ್ಕೆ ಹಾರುವುದು, ಇವನ್ನು ವಾರಕ್ಕೆ ಕೆಲವು ದಿನ ತಪ್ಪದೆ ಮಾಡಿ. ಕಲ್ಲಿನ ದಾರಿಗೆ ಹೋಗುವುದು ಅದು ಸಲೀಸಾದ ಮೇಲೆ.

ಬಿಜಾಪುರ ಹುಡುಗ:

ಸರ್, ಮೇಡಂ, ನಾನು ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ನಾನು ಆರ್ಮಿ ರ‍್ಯಾಲಿಗೆ ತಯಾರಿ ಮಾಡುತ್ತಿದ್ದೇನೆ. ಅಗ್ನಿವೀರ್‌ಗೆ 1.6 ಕಿ.ಮೀ. ಓಟ ಇರುತ್ತದೆ. 5 ನಿಮಿಷ 30 ಸೆಕೆಂಡ್ ಒಳಗೆ ಮುಗಿಸಿದರೆ ಪೂರ್ತಿ 60 ಅಂಕ. ನಮ್ಮ ಕಡೆ ಪ್ರತಿ ತಾಲೂಕಿನಲ್ಲೂ ನನ್ನಂಥ ಹುಡುಗರು ಭಾಳ ಇದ್ದಾರೆ. ಕೆಲವರು ಆರ್ಮಿಗೆ, ಕೆಲವರು ಪೊಲೀಸ್ ಕಾನ್‌ಸ್ಟೆಬಲ್‌ಗೆ. ವೃಕ್ಷಥಾನ್‌ನಂಥ ಓಟಕ್ಕೂ ಸೇರುತ್ತೇವೆ. ಜಾತ್ರೆಯಲ್ಲಿ ಬಹುಮಾನದ ಓಟ ಇದ್ದರೆ ಅಲ್ಲಿಗೂ ಹೋಗುತ್ತೇವೆ.

1.6 ಕಿ.ಮೀ.ಗೆ ತಯಾರಿ ಅಂತ ಕೋಚಿಂಗ್ ಸೆಂಟರ್‌ನಲ್ಲಿ ಬೆಳಗ್ಗೆ ಡಾಂಬರು ರಸ್ತೆ ಮೇಲೆ 8–10 ಕಿ.ಮೀ. ಓಡಿಸುತ್ತಾರೆ, ಸಂಜೆ ಮೈದಾನದಲ್ಲಿ ಜೋರು ಓಟ. ನನಗೆ ಮಂಡಿ ಕೆಳಗೆ, ಕಾಲಿನ ಮುಂಭಾಗದ ಮೂಳೆ ಒಳಬದಿಯಲ್ಲಿ ನೋವು ಇದೆ. ಮೊದಲು ಉದ್ದಕ್ಕೂ ಇತ್ತು. ಈಗ ಒಂದೇ ಕಡೆ, ಬೆರಳು ಇಟ್ಟರೆ ಜೀವ ಹೋಗುತ್ತದೆ. ರಾತ್ರಿಯೂ ನೋವು. ಕೋಚ್ ಸರ್ ಹೇಳುತ್ತಾರೆ, ಓಡುತ್ತಾ ಓಡುತ್ತಾ ಹೋಗುತ್ತದೆ ಅಂತ. ರ‍್ಯಾಲಿಗೆ ವಯಸ್ಸಿನ ಮಿತಿ ಇದೆ. ನಿಲ್ಲಿಸಿದರೆ ಈ ಸಲದ ಅವಕಾಶ ಹೋಯಿತು ಅಂತಲೇ.

ಹುಬ್ಬಳ್ಳಿ ಫಿಸಿಯೋ:

ತಮ್ಮಾ, ಇವತ್ತಿನಿಂದಲೇ ಓಟ ನಿಲ್ಲಿಸು. ಹೆದರಿಸಲು ಹೇಳುತ್ತಿಲ್ಲ. ಉದ್ದಕ್ಕೂ ಹರಡಿದ ನೋವು ಬೇರೆ, ಒಂದೇ ಚುಕ್ಕೆಯಲ್ಲಿ ಚುಚ್ಚುವ ನೋವು ಬೇರೆ. ರಾತ್ರಿ ಮಲಗಿದಾಗಲೂ ನೋವು ಅಂದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು ಅನ್ನುವ ಅನುಮಾನ ಬರಬೇಕು. ಮೂಳೆ ಡಾಕ್ಟರಿಗೆ ತೋರಿಸು. ಒಂದು ಮಾತು ನೆನಪಿಡು. ಶುರುವಿನ ಎರಡು ಮೂರು ವಾರ ಈ ಬಿರುಕು ಎಕ್ಸ್-ರೇಯಲ್ಲಿ ಕಾಣದೇ ಇರಬಹುದು. "ಎಕ್ಸ್-ರೇ ನಾರ್ಮಲ್, ಓಡು" ಅಂತ ಯಾರಾದರೂ ಹೇಳಿದರೆ, ಒಂದೇ ಕಡೆ ನೋವು, ರಾತ್ರಿ ನೋವು ಎರಡನ್ನೂ ಬಿಡಿಸಿ ಹೇಳು. ಎಂಆರ್‌ಐ ಬೇಕಾ ಅಂತ ಕೇಳು. ಬೇಗ ನಿಂತರೆ ವಾರಗಳಲ್ಲಿ ಕೂಡುತ್ತದೆ. ಅದರ ಮೇಲೇ ಓಡಿದರೆ ಪೂರ್ತಿ ಮುರಿಯಬಹುದು. ಆಗ ಹೋಗುವುದು ಒಂದು ರ‍್ಯಾಲಿ ಮಾತ್ರ ಅಲ್ಲ.

ಕೊಡಗಿನ ಮಾಜಿ ಸೈನಿಕ:

ಮಗನೇ, ಮೇಡಂ ಹೇಳಿದ್ದನ್ನು ಕೇಳು. ಇದು ಸೈನ್ಯಕ್ಕೆ ಚೆನ್ನಾಗಿ ಗೊತ್ತಿರುವ ಕಾಯಿಲೆ. ಮಾರ್ಚ್ ಮಾಡಿದ ಸೈನಿಕರ ಪಾದ ಊದುವುದನ್ನು ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲೇ ಬರೆದಿಟ್ಟಿದ್ದ. ಆಗ ಎಕ್ಸ್-ರೇ ಇರಲಿಲ್ಲ. ಅದು ಮೂಳೆಯ ಬಿರುಕು ಅಂತ ಗೊತ್ತಾಗಿದ್ದು ಆಮೇಲೆ. ಇಸ್ರೇಲ್ ಸೈನ್ಯದಲ್ಲಿ 295 ಹೊಸ ಸೈನಿಕರನ್ನು ತರಬೇತಿಯ ಉದ್ದಕ್ಕೂ ಪರೀಕ್ಷಿಸಿದ ವರದಿ 1985ರಲ್ಲಿ ಬಂತು. ಶೇ. 31 ಜನರಿಗೆ ಇಂಥ ಬಿರುಕು. ಎಲ್ಲರೂ ಗಟ್ಟಿಮುಟ್ಟಾದ ಹುಡುಗರೇ.

ಕೆರೆದಂಡೆ ಅವರೇ, ನೀವು ಕೇಳಿದ ಪ್ರಶ್ನೆಗೆ ನೇರ ಉತ್ತರವೂ ಅಲ್ಲೇ ಇದೆ. ಅದೇ ಇಸ್ರೇಲ್ ವೈದ್ಯರು 2000ದಲ್ಲಿ ಇನ್ನೊಂದು ವರದಿ ಕೊಟ್ಟರು. ಸೈನ್ಯಕ್ಕೆ ಬರುವ ಮುಂಚೆ ಎರಡು ವರ್ಷವಾದರೂ ಚೆಂಡಾಟ, ಅದರಲ್ಲೂ ಬಾಸ್ಕೆಟ್‌ಬಾಲ್, ಆಡಿಕೊಂಡು ಬಂದವರಲ್ಲಿ ಬಿರುಕು ಸಾಕಷ್ಟು ಕಡಿಮೆ. ಬರೀ ಓಡಿಕೊಂಡು ಬಂದವರಿಗೆ ಆ ರಕ್ಷಣೆ ಸಿಗಲಿಲ್ಲ. ಯಾಕೆಂದರೆ ಚೆಂಡಾಟದಲ್ಲಿ ಹಾರುವುದು, ತಟ್ಟನೆ ತಿರುಗುವುದು, ಎಲ್ಲಾ ದಿಕ್ಕಿನಿಂದಲೂ ಮೂಳೆಗೆ ಪೆಟ್ಟು ಬೀಳುವುದು ಇರುತ್ತದೆ. ಓಟದಲ್ಲಿ ಒಂದೇ ಥರದ ಭಾರ ಸಾವಿರಾರು ಸಲ. ನಮ್ಮ ಕೊಡಗಿನ ಹುಡುಗರು ಹಾಕಿ ಆಡಿ ಬೆಳೆದು ಬರುತ್ತಿದ್ದರು. ತರಬೇತಿಯಲ್ಲಿ ಅವರ ಕಾಲು ಜಾಸ್ತಿ ತಡೆಯುತ್ತಿತ್ತು ಅನ್ನುವುದು ನನ್ನ ಕಣ್ಣಾರೆ ಕಂಡ ಮಾತು. ಅದಕ್ಕೆ ಅಂಕಿಅಂಶ ಇಲ್ಲ, ಅನುಭವ ಅಷ್ಟೇ.

ಕೆರೆದಂಡೆ (ಮೈಸೂರು):

ಸರ್, ಇದು ನನಗೆ ತುಂಬಾ ಮುಖ್ಯ ಅನ್ನಿಸಿತು. ಹವ್ಯಾಸಿ ಓಟಗಾರ ಅಂದರೆ ನಮ್ಮ ಕಣ್ಣಿಗೆ ಬರುವುದು ಕಬ್ಬನ್ ಪಾರ್ಕ್, ಬಣ್ಣದ ಟೀ ಶರ್ಟ್, ಕೈಗೆ ಜಿಪಿಎಸ್ ವಾಚ್. ಬಿಜಾಪುರದ ಈ ತಮ್ಮನಂಥವರು ದಿನಾ ನಮ್ಮೆಲ್ಲರಿಗಿಂತ ಜಾಸ್ತಿ ಓಡುತ್ತಾರೆ. ಅವರಿಗೆ ಫಿಸಿಯೋ ಇಲ್ಲ, ಒಳ್ಳೆ ಬೂಟಿಲ್ಲ, ವಿಶ್ರಾಂತಿ ತೆಗೆದುಕೊಳ್ಳುವ ಸ್ವಾತಂತ್ರ್ಯವೂ ಇಲ್ಲ. ಅವರ ಗಾಯ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ತಮ್ಮಾ, ನೀನು ಧಾರಾಳವಾಗಿ ಬರೆ. ಇದು ನಿನ್ನ ಜಾಗವೂ ಹೌದು.

ಮಲ್ಲೇಶ್ವರ ರನ್ನರ್:

ಹೆಂಗಸರ ಕಡೆಯಿಂದ ನಾನು ಬರೆಯುತ್ತೇನೆ. ಎರಡನೇ ಮಗು ಆದ ಮೇಲೆ, 34ಕ್ಕೆ ಓಟ ಶುರು ಮಾಡಿದೆ. ಅದಕ್ಕೆ ಮುಂಚೆ ಯಾವ ಆಟವೂ ಇಲ್ಲ. ನಮ್ಮ ಮನೆಯಲ್ಲಿ ಹುಡುಗಿಯರು ದೊಡ್ಡವರಾದ ಮೇಲೆ ಆಟಕ್ಕೆ ಹೋಗುವ ಪದ್ಧತಿಯೇ ಇರಲಿಲ್ಲ. ಎಷ್ಟೋ ಹೆಂಗಸರ ಹಿನ್ನೆಲೆ ಇದೇ ಅಲ್ವಾ? ಹುಡುಗರು ಗಲ್ಲಿ ಕ್ರಿಕೆಟ್ ಆಡಿ ಮೂಳೆ ಗಟ್ಟಿ ಮಾಡಿಕೊಳ್ಳುವ ವಯಸ್ಸಿನಲ್ಲಿ ನಮ್ಮನ್ನು ಒಳಗೆ ಕೂರಿಸಿರುತ್ತಾರೆ. ಮಾಜಿ ಸೈನಿಕರು ಹೇಳಿದ್ದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಅದು.

ಸ್ಯಾಂಕಿ ಕೆರೆ ಸುತ್ತ ಓಡಿ 10ಕೆ ಮುಗಿಸಿದೆ, ಹಾಫ್ ಮುಗಿಸಿದೆ. ಆಮೇಲೆ ಪಾದದ ಮೇಲ್ಭಾಗದಲ್ಲಿ ನೋವು. ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಮೇಲೆ ಹೇಳಿದ ಮೂಳೆಯ ಬಿರುಕೇ. ತೋರಿಸಿದ ಆಸ್ಪತ್ರೆಯಲ್ಲಿ "ಈ ವಯಸ್ಸಿಗೆ ಓಟ ಯಾಕಮ್ಮಾ, ವಾಕಿಂಗ್ ಮಾಡಿ ಸಾಕು" ಅಂದು ಕಳಿಸಿದರು. ಏನು ತಿನ್ನುತ್ತೀರಿ ಅಂತ ಯಾರೂ ಕೇಳಲಿಲ್ಲ. ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತ ಕೇಳಲಿಲ್ಲ. ರಕ್ತ ಪರೀಕ್ಷೆ ಬರೆಯಲಿಲ್ಲ. ಆಮೇಲೆ ಬೇರೆ ಡಾಕ್ಟರ್ ಒಬ್ಬರು ಇವೆಲ್ಲ ಕೇಳಿದರು. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು), ವಿಟಮಿನ್ ಡಿ, ಬಿ12 ಎಲ್ಲಾ ಕೆಳಗಿತ್ತು. ಬೆಳಗ್ಗೆ ಬರೀ ಕಾಫಿ ಕುಡಿದು ಓಡುವುದು, ಬಂದ ಮೇಲೆ ಮಕ್ಕಳ ಡಬ್ಬಿ, ಮನೆಯವರ ತಿಂಡಿ, ಕೊನೆಗೆ ನನ್ನದು. ಸಂಕಷ್ಟಿ, ಏಕಾದಶಿ ಉಪವಾಸ ಬೇರೆ. ನಮ್ಮ ಓಣಿಯ ಎಷ್ಟೋ ಹೆಂಗಸರ ದಿನಚರಿ ಹೀಗೇ ಇದೆ.

ಮೈಗೆ ಬೇಕಾದಷ್ಟು ಊಟ ಸಿಗದೆ ಓಟ ಮಾತ್ರ ಏರುತ್ತಾ ಹೋದರೆ ಮುಟ್ಟು ಏರುಪೇರಾಗುತ್ತದೆ, ಮೂಳೆ ಸೊರಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟು, ಗಂಡಸರಿಗೂ ಆಗುತ್ತದೆ ಅಂತ ಹೇಳಿತು. ಮುಟ್ಟು ನಿಂತರೆ "ಓಟ ಜಾಸ್ತಿ ಆಯಿತು, ಸಹಜ" ಅನ್ನುವವರ ಮಾತು ಕೇಳಬೇಡಿ. ಅದು ಸಹಜ ಅಲ್ಲ.

ಇನ್ನೊಂದು ಮಾತು. ಗಾಯ ಅಂದರೆ ಬರೀ ಮಂಡಿ, ಹಿಮ್ಮಡಿ ಅಲ್ಲ. ಕತ್ತಲಲ್ಲಿ ಫುಟ್‌ಪಾತ್‌ನ ಮುರಿದ ಚಪ್ಪಡಿ, ಬೀದಿನಾಯಿ, ಹಿಂದೆ ಬರುವ ಬೈಕು. ಅದಕ್ಕೇ ನಾವು ಒಂದೇ ಬೆಳಕಿನ ರಸ್ತೆಯಲ್ಲಿ ಮತ್ತೆ ಮತ್ತೆ ಸುತ್ತು ಹಾಕುತ್ತೇವೆ. ಒಂದೇ ಕಡೆ ಇಳಿಜಾರಾದ ರಸ್ತೆ, ಒಂದೇ ದಿಕ್ಕಿನ ತಿರುವು, ಒಂದೇ ಕಾಲಿಗೆ ಭಾರ. ಹೆಂಗಸರ ಸುರಕ್ಷತೆಯ ಪ್ರಶ್ನೆ ಕೊನೆಗೆ ಅವರ ಸೊಂಟದ ನೋವಾಗಿ ಬರುತ್ತದೆ.

ಗದಗ ಟೀಚರ್:

ಅಕ್ಕಾ, ಬರೆದದ್ದು ಪ್ರತಿ ಸಾಲೂ ನಿಜ. ಹೆರಿಗೆ ಆದ ಮೇಲೆ ಓಡುವಾಗ ಮೂತ್ರ ಸೋರುವುದರ ಬಗ್ಗೆಯೂ ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದೆ. ಗುಂಪಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ನಾಚಿಕೊಂಡು ಓಟವನ್ನೇ ಬಿಟ್ಟವರನ್ನು ನೋಡಿದ್ದೇನೆ.

ಹುಬ್ಬಳ್ಳಿ ಫಿಸಿಯೋ:

ಟೀಚರ್, ಅದಕ್ಕೆ ಚಿಕಿತ್ಸೆ ಇದೆ, ತುಂಬಾ ಜನಕ್ಕೆ ವಾಸಿಯಾಗುತ್ತದೆ. ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ಬೇರೆಯೇ ವ್ಯಾಯಾಮ ಕಲಿಸುವ ಫಿಸಿಯೋಗಳು ಈಗ ನಮ್ಮ ಊರುಗಳಲ್ಲೂ ಸಿಗುತ್ತಾರೆ. ಹೆರಿಗೆ ಆದ ಮೇಲೆ ಕನಿಷ್ಠ ಮೂರು ತಿಂಗಳು ಕಳೆಯದೆ ಓಟಕ್ಕೆ ಇಳಿಯಬೇಡಿ ಅನ್ನುವುದು ಸಾಮಾನ್ಯ ಸಲಹೆ. ಮೂರು ತಿಂಗಳಾದ ಮೇಲೂ ಸೋರಿಕೆ, ಕೆಳಗೆ ಎಳೆದಂತೆ ಭಾರ ಇದ್ದರೆ ಮೊದಲು ಅದನ್ನು ತೋರಿಸಿ.

ಡಚ್ ನೆಲದ ಕನ್ನಡಿಗ:

ಎಲ್ಲರೂ ಹೇಳುವ "ವಾರಕ್ಕೆ ಓಟದ ದೂರವನ್ನು 10% ಮಾತ್ರ ಏರಿಸಿ" ಅನ್ನುವ ನಿಯಮದ ಬಗ್ಗೆ ಒಂದು ಮಾತು. ನಾನು ಈಗ ಇರುವ ನೆದರ್‌ಲ್ಯಾಂಡ್ಸ್‌ನಲ್ಲೇ ಇದನ್ನು ಪರೀಕ್ಷೆ ಮಾಡಿದ್ದಾರೆ. ಗ್ರೋನಿಂಗನ್‌ನಲ್ಲಿ 532 ಹೊಸ ಓಟಗಾರರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ 10% ನಿಯಮದ ನಿಧಾನ ತಯಾರಿ, ಇನ್ನೊಂದಕ್ಕೆ ಮಾಮೂಲಿ 8 ವಾರದ ತಯಾರಿ. 2008ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಗಾಯ, ವ್ಯತ್ಯಾಸವೇ ಇಲ್ಲ. ಹಾಗಾದರೆ ಇದನ್ನು ಯಾಕೆ ವೇದವಾಕ್ಯ ಮಾಡಿಕೊಂಡಿದ್ದೇವೆ?

ಮಂಡ್ಯ ರೈಡರ್:

ಹಾಗಂತ ಇಷ್ಟ ಬಂದಷ್ಟು ಏರಿಸಬಹುದು ಅಂತಲಾ? ನಮ್ಮ ಗುಂಪಿನಲ್ಲಿ ವಾರವೆಲ್ಲ ಎರಡು ಮೂರು ಕಿ.ಮೀ. ಓಡಿ, ಭಾನುವಾರ ಸ್ನೇಹಿತರು ಕರೆದರು ಅಂತ ಒಂದೇ ಸಲ 18 ಓಡುವವರಿದ್ದಾರೆ. ಸೋಮವಾರ ಕುಂಟುತ್ತಾ ಬರುತ್ತಾರೆ.

ಡಚ್ ನೆಲದ ಕನ್ನಡಿಗ:

ಇಲ್ಲ ಅಣ್ಣಾ, ನೀವು ಹೇಳಿದ್ದೇ ಮುಖ್ಯ. 2025ರಲ್ಲಿ ಡೆನ್ಮಾರ್ಕ್ ಸಂಶೋಧಕರ ವರದಿ ಬಂದಿದೆ. 5,205 ಓಟಗಾರರ ವಾಚ್‌ಗಳಿಂದ ಲೆಕ್ಕ ತೆಗೆದಿದ್ದಾರೆ. ವಾರದ ಒಟ್ಟು ದೂರ ಎಷ್ಟು ಏರಿತು ಅನ್ನುವುದರಿಂದ ಗಾಯ ಊಹಿಸಲು ಆಗಲಿಲ್ಲ. ಒಂದು ದಿನದ ಓಟ ಎಷ್ಟು ಏರಿತು ಅನ್ನುವುದು ಲೆಕ್ಕಕ್ಕೆ ಬಂತು. ಹಿಂದಿನ 30 ದಿನದಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಇವತ್ತಿನದು 10ರಿಂದ 30% ಉದ್ದ ಆದರೆ ಗಾಯದ ಸಂಭವ 64% ಜಾಸ್ತಿ. ಎರಡು ಪಟ್ಟು ದಾಟಿದರೆ ಸಂಭವ 128% ಜಾಸ್ತಿ, ಅಂದರೆ ಎರಡು ಪಟ್ಟಿಗೂ ಮೇಲೆ. ಹಾಗಾಗಿ ವಾರದ ಮೊತ್ತ ನೋಡುವ ಬದಲು ಕಳೆದ ತಿಂಗಳ ಅತಿ ಉದ್ದದ ಓಟ ನೋಡಿ. ನಿಮ್ಮ ಭಾನುವಾರದ 18 ಇದೆಯಲ್ಲ, ಅದೇ ಇಲ್ಲಿ ಖಳನಾಯಕ.

ಚಳ್ಳಕೆರೆ ರೈತ:

ನಮ್ಮ ಕಡೆ ಹೊಸ ಎತ್ತನ್ನು ನೊಗಕ್ಕೆ ಹೂಡಿದ ದಿನವೇ ಎಕರೆ ಉಳುಮೆ ಮಾಡಿಸುವುದಿಲ್ಲ. ಕನ್ನಡಿಗ ಸರ್ ಹೇಳಿದ್ದು ಅದೇ ಲೆಕ್ಕ.

ನಾನು ಹೊಲದಲ್ಲಿ ಬರಿಗಾಲಲ್ಲಿ ಬೆಳೆದವನು. ಈಗಲೂ ಜಾಸ್ತಿ ಓಡುವುದು ಬರಿಗಾಲಲ್ಲೇ, ಮಣ್ಣಿನ ದಾರಿಯಲ್ಲಿ. ಬೆಂಗಳೂರಿನ ಓಟಕ್ಕೆ ಬಂದಾಗ ಪಕ್ಕದವರು 15–20 ಸಾವಿರದ ಬೂಟು ತೋರಿಸಿ ನೀವೂ ಹಾಕಿ ಅನ್ನುತ್ತಾರೆ. ನಿಜವಾಗಿ ಬೂಟಿನಿಂದ ಗಾಯ ತಪ್ಪುತ್ತದಾ?

ಹುಬ್ಬಳ್ಳಿ ಫಿಸಿಯೋ:

ಬೆಲೆಗೂ ಗಾಯಕ್ಕೂ ಸಂಬಂಧ ಇಲ್ಲ ಸರ್. ಅಂಗಾಲಿನ ಆಕಾರ ನೋಡಿ ಬೂಟು ಕೊಡುವ ಪದ್ಧತಿಯನ್ನು ಅಮೆರಿಕದ ಭೂಸೇನೆ, ವಾಯುಸೇನೆ, ಮರೀನ್ ಮೂರೂ ಕಡೆ ಪರೀಕ್ಷಿಸಿದರು. ಗಾಯ ಕಡಿಮೆ ಆಗಲಿಲ್ಲ. ಹಾಕಿಕೊಂಡಾಗ ಹಾಯಾಗಿರಬೇಕು, ಸವೆದಾಗ ಬದಲಿಸಬೇಕು, ಅಷ್ಟೇ. ಆದರೆ ಒಂದು ಎಚ್ಚರಿಕೆ. ನಿಮ್ಮನ್ನು ನೋಡಿ ನಗರದವರು ಏಕಾಏಕಿ ಬೂಟು ಬಿಚ್ಚಿ ಓಡಬಾರದು. ನಿಮ್ಮ ಅಂಗಾಲು, ಮೀನಖಂಡ ಚಿಕ್ಕಂದಿನಿಂದ ಗಟ್ಟಿಯಾಗಿವೆ. 1960ರಲ್ಲಿ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಬರಿಗಾಲಲ್ಲಿ ಗೆದ್ದ ಅಬೆಬೆ ಬಿಕಿಲಾನ ಮಾತು ತೆಗೆಯುವವರು ಅವನು ಬೆಳೆದ ರೀತಿಯನ್ನೂ ನೋಡಬೇಕು. ಇದೂ ಹಿನ್ನೆಲೆಯ ಮಾತೇ.

ಕುಡ್ಲ ಡಾಕ್ಟರ್:

ಎಲ್ಲರೂ ಕಾಲಿನ ಬಗ್ಗೆ ಬರೆದಿರಿ, ಹೃದಯದ ಬಗ್ಗೆ ನಾನು ಬರೆಯುತ್ತೇನೆ ಮಾರಾಯ್ರೆ. ಓಟದಲ್ಲಿ ಯಾರಾದರೂ ಕುಸಿದರು ಅಂತ ಸುದ್ದಿ ಬಂದ ಕೂಡಲೇ ಮನೆಯಲ್ಲಿ "ಓಟ ಬೇಡ" ಅನ್ನುತ್ತಾರೆ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್, ಹಾಫ್ ಮ್ಯಾರಥಾನ್ ಓಡಿದ 1 ಕೋಟಿ 9 ಲಕ್ಷ ಜನರ ಲೆಕ್ಕ ತೆಗೆದಿದ್ದಾರೆ. ಹೃದಯ ನಿಂತದ್ದು 59 ಜನರಿಗೆ. ಅವರಲ್ಲಿ 51 ಗಂಡಸರು. ತೀರಿಕೊಂಡವರು 42. ಹಾಫ್‌ಗಿಂತ ಫುಲ್‌ನಲ್ಲಿ ಅಪಾಯ ಜಾಸ್ತಿ. ಬದುಕಿದವರು ಬದುಕಿದ್ದಕ್ಕೆ ದೊಡ್ಡ ಕಾರಣ, ಪಕ್ಕದಲ್ಲಿದ್ದವರು ಕೂಡಲೇ ಎದೆ ಒತ್ತಿ ಸಿಪಿಆರ್ ಕೊಟ್ಟದ್ದು. ಹಾಗಾಗಿ ಪ್ರತಿ ಗುಂಪಿನಲ್ಲೂ ಕೆಲವರಾದರೂ ಸಿಪಿಆರ್ ಕಲಿಯಲೇಬೇಕು. ಇದನ್ನು ನಾನು ಕೈಮುಗಿದು ಕೇಳುತ್ತೇನೆ.

ಅಪಾಯ ಒಟ್ಟಾರೆ ಸಣ್ಣದು. ಆದರೆ ಎಲ್ಲರಿಗೂ ಒಂದೇ ಅಲ್ಲ. ನಮ್ಮ ಭಾರತೀಯರಿಗೆ ಹೃದಯದ ರಕ್ತನಾಳದ ಕಾಯಿಲೆ ಬೇರೆಯವರಿಗಿಂತ ಬೇಗ ಬರುತ್ತದೆ. ಕಾಲೇಜಿನಿಂದ ಸಿಗರೇಟು, ಅಪ್ಪನಿಗೆ ಐವತ್ತರ ಒಳಗೆ ಹೃದಯಾಘಾತ, ಬಿಪಿ, ಶುಗರ್, ದಿನಕ್ಕೆ ಹತ್ತು ಗಂಟೆ ಕುರ್ಚಿ, ಇಂಥ ಹಿನ್ನೆಲೆಯ 42ರ ಗಂಡಸು ಗೆಳೆಯರ ಜೊತೆ ಪಂಥಕ್ಕೆ ಬಿದ್ದು ಮೂರು ತಿಂಗಳಲ್ಲಿ ಹಾಫ್ ಓಡುತ್ತೇನೆ ಅಂದರೆ ನನಗೆ ಆತಂಕ. ಅವರು ಓಡಬಾರದು ಅಂತಲ್ಲ. ಅವರಿಗೇ ಓಟ ಜಾಸ್ತಿ ಬೇಕಾದದ್ದು. ಮೊದಲು ಪರೀಕ್ಷೆ ಮಾಡಿಸಿ, ನಿಧಾನ ಶುರು ಮಾಡಿ. ಓಡುವಾಗ ಎದೆ ಬಿಗಿತ, ತಲೆ ಸುತ್ತಿ ಕಣ್ಣು ಕತ್ತಲೆ, ಇದು ಬಂದರೆ ಗ್ಯಾಸ್ಟ್ರಿಕ್ ಅಂತ ತಳ್ಳಿಹಾಕಬೇಡಿ. ವೈರಲ್ ಜ್ವರ ಇದ್ದಾಗ, ಬಿಟ್ಟ ಕೂಡಲೇ ಓಡಬೇಡಿ. ಹೃದಯದ ಸ್ನಾಯು ಊದಿಕೊಂಡಿರುವ ಸಾಧ್ಯತೆ ಇರುತ್ತದೆ.

ನೀರಿನ ಬಗ್ಗೆ. ನಮ್ಮ ಕರಾವಳಿಯ ಸೆಕೆಗೆ ಹೆದರಿ ಪ್ರತಿ ಸ್ಟಾಲಿನಲ್ಲೂ ಹೊಟ್ಟೆ ತುಂಬಾ ನೀರು ಕುಡಿಯುವವರಿದ್ದಾರೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಗುರಿ ಮುಟ್ಟಿದ 488 ಜನರ ರಕ್ತ ನೋಡಿದಾಗ ಶೇ. 13 ಜನರಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಕುಸಿದಿತ್ತು. ಜಾಸ್ತಿ ನೀರು ಕುಡಿದು ಓಟದಲ್ಲಿ ತೂಕ ಏರಿಸಿಕೊಂಡವರು, ನಿಧಾನಕ್ಕೆ ಓಡುವವರು ಇದರಲ್ಲಿ ಮುಂದೆ. ಅಂದರೆ ನಾವೇ, ಹವ್ಯಾಸಿಗಳು. ಬಾಯಾರಿದಷ್ಟು ಕುಡಿಯಿರಿ. ಓಟದ ಮುಂಚೆ ನೋವಿನ ಮಾತ್ರೆ ನುಂಗುವ ಚಾಳಿ ಬಿಡಿ. ಬೆವರಿ ಒಣಗಿದ ಮೈಗೆ ಅದು ಸೇರಿದರೆ ಕಿಡ್ನಿಗೆ ಪೆಟ್ಟು.

ದಾವಣಗೆರೆ ನಿವೃತ್ತ:

ಡಾಕ್ಟರ್ ಸಾಹೇಬರೇ, ನನಗೆ 61, ಶುಗರ್ ಇದೆ. ನಿವೃತ್ತಿಯ ನಂತರ ಓಟ ಶುರು ಮಾಡಿದೆ. ಫೌಜಾ ಸಿಂಗ್ 89ರ ವಯಸ್ಸಿನಲ್ಲಿ ಲಂಡನ್ ಮ್ಯಾರಥಾನ್ ಓಡಿ, 2011ರಲ್ಲಿ ನೂರು ವರ್ಷಕ್ಕೆ ಟೊರೊಂಟೊದಲ್ಲಿ ಓಡಿದ್ದು ಓದಿ ಹುರುಪು ಬಂತು. ನನ್ನ ತೊಂದರೆ ಅಂದರೆ ಅಂಗಾಲಲ್ಲಿ ಗುಳ್ಳೆ ಬಂದರೂ ಗೊತ್ತಾಗುವುದಿಲ್ಲ.

ಕುಡ್ಲ ಡಾಕ್ಟರ್:

ಸರ್, ಅದೇ ದೊಡ್ಡ ಸೂಚನೆ. ಅಂಗಾಲಿನ ಸ್ಪರ್ಶ ಪರೀಕ್ಷೆ ಮಾಡಿಸಿ. ಅಲ್ಲಿವರೆಗೆ ಓಟ ಬೇಡ, ಸೈಕಲ್ ತುಳಿಯಿರಿ. ಪ್ರತಿ ದಿನ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ, ಬೂಟಿನೊಳಗೆ ಕೈ ಹಾಕಿ ಕಲ್ಲು ಇದೆಯಾ ನೋಡಿ ಹಾಕಿಕೊಳ್ಳಿ. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಮಾತ್ರೆ ಇದ್ದರೆ ಜೇಬಿನಲ್ಲಿ ಸಕ್ಕರೆ ಇರಲಿ.

ಕೆರೆದಂಡೆ (ಮೈಸೂರು):

ಎಲ್ಲರಿಗೂ ಧನ್ಯವಾದ. ನಮ್ಮ ಗುಂಪಿಗೆ ಸೇರುವವರಿಗೆ ಒಂದು ಪುಟದ ಫಾರ್ಮ್ ಮಾಡುತ್ತಿದ್ದೇನೆ. ಹಿಂದೆ ಆಡಿದ ಆಟ, ಹಳೇ ಗಾಯ, ಕೆಲಸದ ರೀತಿ, ಮನೆಯಲ್ಲಿ ಹೃದಯದ ಕಾಯಿಲೆ, ಕಳೆದ 30 ದಿನದ ಅತಿ ಉದ್ದದ ಓಟ, ಒಂಟಿ ಕಾಲಲ್ಲಿ ಹಿಮ್ಮಡಿ ಎಷ್ಟು ಸಲ ಎತ್ತಬಹುದು. ಹೆಂಗಸರ ಪ್ರಶ್ನೆಗಳನ್ನು ಗುಂಪಿನ ಹೆಂಗಸರೇ ಕೇಳುತ್ತಾರೆ, ಆ ಹಾಳೆ ನಮ್ಮ ಕೈಗೆ ಬರುವುದಿಲ್ಲ. ಹೊಸಬರಿಗೆ 16 ವಾರದ ಪ್ಲಾನ್ ಕೊಡುವ ಮುಂಚೆ ಎರಡು ತಿಂಗಳು ನಡಿಗೆ, ಸ್ವಲ್ಪ ಓಟ, ಕಾಲಿನ ವ್ಯಾಯಾಮ. ಹಾಫ್ ಈ ವರ್ಷ ಆಗದಿದ್ದರೆ ಮುಂದಿನ ವರ್ಷ ಓಡಲಿ. ಬಿಜಾಪುರ ತಮ್ಮಾ, ಡಾಕ್ಟರ್ ಹತ್ತಿರ ಹೋದೆಯಾ?

ಬಿಜಾಪುರ ಹುಡುಗ:

ಹೋಗಿದ್ದೆ ಸರ್. ಮೇಡಂ ಹೇಳಿದ ಹಾಗೇ ಬಿಡಿಸಿ ಹೇಳಿದೆ. ಎಂಆರ್‌ಐ ಮಾಡಿಸಿದರು. ಬಿರುಕು ಇದೆ, ಸಣ್ಣದು. ಓಟ ಪೂರ್ತಿ ಬಂದ್. ಮೈದಾನದಲ್ಲಿ ನನ್ನ ಥರ ನೋವು ಇಟ್ಟುಕೊಂಡು ಓಡುವ ಇನ್ನೂ ಕೆಲವು ಹುಡುಗರಿಗೆ ಈ ಮಾತುಗಳನ್ನೆಲ್ಲ ಓದಿಸಿದ್ದೇನೆ. ಒಂದು ಕೇಳಬೇಕಿತ್ತು. ವಾಸಿ ಆದ ಮೇಲೆ ವಾಲಿಬಾಲ್ ಆಡಿದರೆ ಮೂಳೆ ಗಟ್ಟಿ ಆಗುತ್ತದಾ? ಹಗ್ಗ ಹಾರಬಹುದಾ? ನಮ್ಮಲ್ಲಿ ಸಿಮೆಂಟ್ ಅಂಗಳ ಇದೆ, ಮಣ್ಣಿನ ಮೈದಾನವೂ ಇದೆ.

ಹುಬ್ಬಳ್ಳಿ ಫಿಸಿಯೋ:

ಆಗುತ್ತದೆ ತಮ್ಮಾ, ಆದರೆ ಡಾಕ್ಟರ್ ಒಪ್ಪಿದ ಮೇಲೆ. ಈಗ ಸೈಕಲ್, ಬಾವಿ ಇದ್ದರೆ ಈಜು ಮಾಡು, ಉಸಿರಿನ ಶಕ್ತಿ ಕಡಿಮೆ ಆಗುವುದಿಲ್ಲ. ಮೊದಲು ನೋವಿಲ್ಲದೆ ಜೋರು ನಡಿಗೆ ಆಗಬೇಕು. ಆಮೇಲೆ ಎರಡೂ ಕಾಲಲ್ಲಿ ಹಗ್ಗ ಹಾರುವುದು, ಮಣ್ಣಿನ ಮೇಲೆ, ಸ್ವಲ್ಪ ಸ್ವಲ್ಪ, ದಿನ ಬಿಟ್ಟು ದಿನ. ಅದು ಸಲೀಸಾದರೆ ವಾಲಿಬಾಲ್. ಓಟ ಕೊನೆಗೆ, ಅದೂ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದ. ಅದೇ ಜಾಗದಲ್ಲಿ ಮತ್ತೆ ಚುಚ್ಚಿದರೆ ಆ ದಿನವೇ ನಿಲ್ಲಿಸಿ ನನಗೆ ಮೆಸೇಜ್ ಹಾಕು. ಉಳಿದ ಹುಡುಗರಲ್ಲಿ ಯಾರಿಗಾದರೂ ಒಂದೇ ಚುಕ್ಕೆಯಲ್ಲಿ ನೋವು ಇದ್ದರೆ ಅವರೂ ಇಲ್ಲೇ ಬರೆಯಲಿ.